ಕಂಬಳಿಯೂ ಕಾರ್ಖಾನೆ ಹೊದಿಕೆಯೂ
(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಭಾಷಣ ಮಾಡಿ ರೂಢಿ ಇಲ್ಲ. ಕೈಕಸುಬು ಮತ್ತು ಯಂತ್ರದ ಉತ್ಪಾದನೆ ಎಂಬ ದೊಡ್ಡ ವಿಷಯ ಕೊಟ್ಟಿದ್ದೀರಿ. ನಾನು ಕರಿ ಕಂಬಳಿ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಸದಸ್ಯರಲ್ಲಿ ಕುರಿ ಸಾಕುವವರೂ ಇದ್ದಾರೆ, ಮಗ್ಗ ಇಟ್ಟವರೂ ಇದ್ದಾರೆ.

ಕಂಬಳಿ ಅಂದರೆ ಒಬ್ಬರ ಕೆಲಸವಲ್ಲ. ಕುರಿ ಮೈ ತೊಳೆದು ಉಣ್ಣೆ ಕತ್ತರಿಸಬೇಕು, ಕರಿದು ಬಿಳಿದು ಬೇರೆ ಮಾಡಬೇಕು, ಹಿಂಜಬೇಕು. ಹೆಂಗಸರು ರಾಟೆಯಲ್ಲಿ ನೂಲಬೇಕು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಲ್ಲಿ ಒಣಗಿಸಬೇಕು. ಮೋಡ ಹಾಕಿತೋ, ಆ ದಿನ ಹೋಯಿತು. ಇಷ್ಟಾದ ಮೇಲೆ ಕುಣಿಮಗ್ಗಕ್ಕೆ ಇಳಿಯುವುದು. ಕರಿ ಉಣ್ಣೆಗೆ ಬಣ್ಣವೇ ಬೇಡ, ಕುರಿಯ ಬಣ್ಣವೇ ಕಂಬಳಿಯ ಬಣ್ಣ.

ಇನ್ನು ಯಂತ್ರದ ಹೊದಿಕೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಹೊದಿಕೆ ನೇಯುವ ಕಾರ್ಖಾನೆಗಳು ಬೆಳೆದವು. ಆಮೇಲೆ ಪಾಲಿಯೆಸ್ಟರ್ ಬಂತು. ಇದನ್ನು ನಾನು ಬೈಯುವುದಿಲ್ಲ. ಬಡವರಿಗೆ ಕಡಿಮೆ ದುಡ್ಡಿಗೆ ಚಳಿ ಕಳೆಯಿತು. ನಮ್ಮ ಮನೆಯಲ್ಲೂ ಎರಡಿವೆ, ಮಕ್ಕಳು ಅದನ್ನೇ ಎಳೆದುಕೊಳ್ತಾರೆ. ಕಂಬಳಿ ಚುಚ್ಚುತ್ತೆ ಅಂತಾರೆ, ಸುಳ್ಳಲ್ಲ.

ಆದರೆ ಅದನ್ನು ಹೊದ್ದು ಹೊಲ ಕಾಯಲು ಹೋಗಿ ನೋಡಿ. ಕಂಬಳಿಯನ್ನು ಕೊಪ್ಪೆ ಹಾಕಿಕೊಂಡರೆ ಜಿಟಿಜಿಟಿ ಮಳೆಯಲ್ಲೂ ದನ ಮೇಯಿಸಬಹುದು. ಬೆಂಕಿ ಮುಂದೆ ಕೂತಾಗ ಕಿಡಿ ಬಿದ್ದರೆ ಉಣ್ಣೆ ಕಮರಿ ಆರುತ್ತದೆ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ.

1985ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಡುವ ಕಾಯಿದೆ ಮಾಡಿತು. ಮೊದಲು 22 ಇದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು, ಅದರಲ್ಲಿ ಕಂಬಳಿ ಉಳಿದಿದೆ. ಸಂತೋಷ. ಆದರೆ ಸಂತೆಯಲ್ಲಿ ರಾಶಿ ಬಿದ್ದಿರುವ ಪಾಲಿಯೆಸ್ಟರ್ ಹೊದಿಕೆಗೆ ಆ ಕಾಯಿದೆ ತಟ್ಟುವುದಿಲ್ಲ.

ನನ್ನ ಲೆಕ್ಕದಲ್ಲಿ ನೇಕಾರನನ್ನು ಕೆಡವುತ್ತಿರುವುದು ಯಂತ್ರ ಒಂದೇ ಅಲ್ಲ. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಎಂದು ಕುರಿಯವರು ದಖನಿ ಕುರಿ ಬಿಟ್ಟು, ಮಾಂಸಕ್ಕಾಗುವ, ಮೈಮೇಲೆ ಉಣ್ಣೆಯಿಲ್ಲದ ತಳಿ ಕಟ್ಟುತ್ತಿದ್ದಾರೆ. ಅವರನ್ನು ತಪ್ಪು ಅನ್ನಲಾದೀತೆ? ಇತ್ತ ನೇಕಾರನಿಗೆ ಉಣ್ಣೆ ಕತ್ತರಿಸುವ ಕಾಲದಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ವ್ಯಾಪಾರಿ ಉಣ್ಣೆ ಸಾಲ ಕೊಡುತ್ತಾನೆ, ಕಂಬಳಿಗೆ ತಾನೇ ಬೆಲೆ ಕಟ್ಟುತ್ತಾನೆ. ಒಂದೇ ಊರಿನಲ್ಲಿ ಒಬ್ಬನ ಉಣ್ಣೆ ಕೊಳೆಯುತ್ತದೆ, ಇನ್ನೊಬ್ಬನ ಮಗ್ಗ ಖಾಲಿ ಕೂರುತ್ತದೆ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಕೈಯಿಂದ ಪಾರಾಗಲಿ ಅಂತ. ನಾವು ಇಪ್ಪತ್ತೈದು ವರ್ಷದಿಂದ ಬಿತ್ತನೆಗೆ ಮುಂಚೆ ಬೀಜ ಗೊಬ್ಬರಕ್ಕೆ ಸಾಲ ಕೊಡುತ್ತಾ ಬಂದಿದ್ದೇವೆ. ಉಣ್ಣೆಗೂ ಹಾಗೇ ಕೊಡಬಾರದೇಕೆ? ಸಂಘವೇ ಸದಸ್ಯರ ಉಣ್ಣೆ ತೂಗಿ ಕೊಂಡು, ಮಗ್ಗದವರಿಗೆ ಸಾಲದ ಮೇಲೆ ಕೊಟ್ಟು, ಕಂಬಳಿ ಮಾರಿದ ಮೇಲೆ ವಸೂಲು ಮಾಡಲಿ. ನಷ್ಟದ ಭಯ ಇದ್ದರೆ ಮೊದಲ ವರ್ಷ ನಾಲ್ಕೇ ಮಗ್ಗಕ್ಕೆ ಕೊಟ್ಟು ನೋಡೋಣ.

ಇದಕ್ಕೆ ಬೈಲಾ ತಿದ್ದುಪಡಿ ಬೇಕಾಗಬಹುದು ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಬರುವ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಕುರಿಯವರು, ಮಗ್ಗದವರು ಆ ದಿನ ತಪ್ಪದೆ ಬನ್ನಿ.