ರಾಕೆಟ್ಟಿನ ದಾರಿಗೆ ಹೆಜ್ಜೆ ಹೆಜ್ಜೆಯ ಲೆಕ್ಕ



2019ರ ಸೆಪ್ಟೆಂಬರ್ 7ರಂದು, ನಡುರಾತ್ರಿ ಕಳೆದ ಮೇಲೂ ನಿಮ್ಮಲ್ಲಿ ಎಷ್ಟೋ ಜನ ಟಿವಿ ಮುಂದೆ ಎಚ್ಚರವಾಗಿದ್ದಿರಿ. ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿತ್ತು. ಪರದೆಯಲ್ಲಿ ಒಂದು ಬಾಗಿದ ಗೆರೆ, ಅದರ ಮೇಲೆ ಜಾರುತ್ತಿದ್ದ ಚುಕ್ಕಿ. ಕೊನೆಗೆ ಚುಕ್ಕಿ ಗೆರೆ ಬಿಟ್ಟಿತು. 2023ರ ಆಗಸ್ಟ್ 23ರ ಸಂಜೆ ಬಿಡಲಿಲ್ಲ. ಚುಕ್ಕಿ ಎಂದರೆ ನೌಕೆ ಇರುವ ಜಾಗ, ಸರಿ. ಗೆರೆಯನ್ನು ಮೊದಲೇ ಎಳೆದಿಟ್ಟದ್ದು ಹೇಗೆ? ಆ ಲೆಕ್ಕದ ಬೀಜ ಒಂಬತ್ತನೇ ತರಗತಿಯ ಪುಸ್ತಕದಲ್ಲೇ ಇದೆ.

'ವಿ ಈಕ್ವಲ್ ಟು ಯು ಪ್ಲಸ್ ಎಟಿ' ನಾವೆಲ್ಲ ಬಾಯಿಪಾಠ ಮಾಡಿದ್ದು. ವೇಗೋತ್ಕರ್ಷ ಬದಲಾಗದಿದ್ದರೆ ಮಾತ್ರ ಅದು ನಡೆಯುತ್ತದೆ. ರಾಕೆಟ್ಟಿನಲ್ಲಿ ಮದ್ದು ಉರಿದಂತೆ ತೂಕ ಇಳಿಯುತ್ತದೆ (ಮೇಷ್ಟ್ರು ಕ್ಷಮಿಸಬೇಕು, ದ್ರವ್ಯರಾಶಿ), ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಕಾಲೇಜಿನಲ್ಲಿ ಇದು ತಿಳಿದಾಗ, ಇಲ್ಲಿ ಕಲಿತದ್ದು ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಪೆಚ್ಚಾಗಿದ್ದೆ.

ಕೆರೆಯ ಏರಿ ಬಾಗಿದ್ದರೂ ನೇರ ಕೋಲಿನಿಂದ ಅಳೆಯಬಹುದು. ಕೋಲು ಚಿಕ್ಕದಾದಷ್ಟೂ ಅಳತೆ ಸರಿ. ಇಲ್ಲಿಯೂ ಹಾಗೆಯೇ. ಒಂದು ಚಿಕ್ಕ ಕ್ಷಣದ ಮಟ್ಟಿಗೆ ಏನೂ ಬದಲಾಗಲಿಲ್ಲ ಎಂದುಕೊಂಡು ಅದೇ ಸೂತ್ರ ಹಾಕುವುದು. ಬಂದ ವೇಗ, ಎತ್ತರ, ಉಳಿದ ತೂಕ ಹಿಡಿದು ಮುಂದಿನ ಕ್ಷಣಕ್ಕೆ ಮತ್ತೆ ಹಾಕುವುದು. 18ನೇ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿದ ದಾರಿ ಇದು. ಅದೇ ಶತಮಾನದಲ್ಲಿ ನಮ್ಮ ಮೈಸೂರು ಸೇನೆ ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕಿದವು.

ಅಂಥದೊಂದನ್ನು ನೆಟ್ಟಗೆ ಮೇಲಕ್ಕೆ ಹಾರಿಸೋಣ. ಸುಲಭವಾಗಲೆಂದು ಅಂಕಿಗಳು ನನ್ನವು. ಒಟ್ಟು ತೂಕ 3 ಕೆಜಿ. ಮದ್ದು ಸೆಕೆಂಡಿಗೆ ಅರ್ಧ ಕೆಜಿಯಂತೆ 2 ಸೆಕೆಂಡು ಉರಿಯುತ್ತದೆ. ನೂಕುಬಲ 300 ನ್ಯೂಟನ್, ಗುರುತ್ವ 10, ಗಾಳಿ ಸದ್ಯಕ್ಕೆ ಬೇಡ. ಮೊದಲ ಸೆಕೆಂಡು: 300ನ್ನು 3ರಿಂದ ಭಾಗಿಸಿ 10 ಕಳೆದರೆ 90. ಈಗ ಉಳಿದ ತೂಕ ಎರಡೂವರೆ ಕೆಜಿ. ಅದರಿಂದ ಭಾಗಿಸಿ 10 ಕಳೆದರೆ 110. ಕೊನೆಯ ವೇಗ ಸೆಕೆಂಡಿಗೆ 200 ಮೀಟರ್. ಅರ್ಧ ಸೆಕೆಂಡಿನ ಹೆಜ್ಜೆ ಇಟ್ಟರೆ 211. ಸೆಕೆಂಡಿನ ಹತ್ತನೇ ಒಂದು ಭಾಗದ ಹೆಜ್ಜೆಗೆ 221. ಗಾಳಿಯಿಲ್ಲದ ಈ ಲೆಕ್ಕಕ್ಕೆ ಮಾತ್ರ ನೇರ ಸೂತ್ರವಿದೆ, ರಷ್ಯದ ಸಿಯೊಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ್ದು. ಅವರೂ ಶಾಲೆಯ ಮೇಷ್ಟ್ರೇ. ಅದರ ಉತ್ತರ 223. ನಮ್ಮದು ಯಾಕೆ ಕಡಿಮೆ ಬಂತು? ಹೆಜ್ಜೆಯ ಆರಂಭದ ತೂಕವನ್ನೇ ಅದರ ಕೊನೆಯವರೆಗೂ ಹಿಡಿದೆವು. ರಾಕೆಟ್ ಅಷ್ಟರಲ್ಲಿ ಹಗುರವಾಗಿತ್ತು.

ಗಾಳಿ ಸೇರಿದರೆ, ದಾರಿ ಬಾಗಿದರೆ, ಇಂಥ ಸಿದ್ಧ ಸೂತ್ರ ಸಿಗುವುದಿಲ್ಲ, ಹೆಜ್ಜೆಯೇ ಗತಿ. ಚಂದ್ರನಲ್ಲಿ ಗಾಳಿಯಿಲ್ಲ, ಆದರೆ ಇಳಿಯುವ ನೌಕೆಯ ಎಂಜಿನ್ನಿನ ಬಲವೂ ದಿಕ್ಕೂ ಬದಲಾಗುತ್ತಲೇ ಇರುತ್ತವೆ. ದೊಡ್ಡ ಲೆಕ್ಕಗಳಿಗೆ ಹೆಜ್ಜೆಯ ನಡುವೆಯೂ ಇಣುಕಿ ನೋಡುವ ರುಂಗೆ-ಕುಟ್ಟಾದಂಥ ವಿಧಾನಗಳಿವೆ.

ನನ್ನ ಒಂದು ಪೆದ್ದತನ ಹೇಳಿಬಿಡುತ್ತೇನೆ. ಗಾಳಿಯ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಸೇರಿಸಿ ಬರೆದ ನನ್ನ ಮೊದಲ ಪ್ರೋಗ್ರಾಂನಲ್ಲಿ ರಾಕೆಟ್ ಚೆನ್ನಾಗಿಯೇ ಏರಿತು. ಇಳಿಯುವಾಗ ವೇಗ ಹುಚ್ಚಾಪಟ್ಟೆ ಹೆಚ್ಚಿತು. ಮೂರು ದಿನ ಕಂಪ್ಯೂಟರನ್ನು ಬೈದೆ. ಋಣ ಸಂಖ್ಯೆಯ ವರ್ಗವೂ ಧನವೇ ಅಲ್ಲವೇ? ಇಳಿಯುವಾಗಲೂ ನನ್ನ ಗಾಳಿ ರಾಕೆಟ್ಟನ್ನು ಕೆಳಕ್ಕೇ ತಳ್ಳುತ್ತಿತ್ತು. ಕಂಪ್ಯೂಟರ್ ಒಂದು ಮಾತೂ ಆಡಲಿಲ್ಲ, ಹೇಳಿದ್ದನ್ನು ಮಾಡಿತು. ಅಂದಿನಿಂದ, ಸಂತೆಯಲ್ಲಿ ತಕ್ಕಡಿಗೆ ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುವ ಹಾಗೆ, ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಕೊಡುತ್ತೇನೆ. ಆಮೇಲೆ ಹೆಜ್ಜೆಯನ್ನು ಅರ್ಧ ಮಾಡಿ, ಉತ್ತರ ಎಷ್ಟು ಅಲುಗಿತು ನೋಡುತ್ತೇನೆ.

ಮಕ್ಕಳೇ, ಕಾಲು ಸೆಕೆಂಡಿನ ಹೆಜ್ಜೆಯ ಲೆಕ್ಕವನ್ನು ನಿಮಗೇ ಬಿಟ್ಟಿದ್ದೇನೆ. ಎಂಟು ಹೆಜ್ಜೆ, ಅಷ್ಟೇ. ಉತ್ತರ 211 ಮತ್ತು 221ರ ನಡುವೆ ಬರಬೇಕು. ಊಟದ ಹೊತ್ತಿಗೆ ಮಾಡಿ ತಂದರೆ ಪುಸ್ತಕ ನೋಡುತ್ತೇನೆ, ಸಂಜೆಯವರೆಗೂ ಇಲ್ಲೇ ಇರುತ್ತೇನೆ.