ಮೂಕಪ್ರಾಣಿಗಳ ಸಂಸ್ಥೆ ಮತ್ತು ಆಡಳಿತ ಮಂಡಳಿಯ ಹೊಣೆ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಬೇಸಾಯಗಾರ. ಪಂಡಿತರ ಹಾಗೆ ಮಾತಾಡೋಕೆ ಬರೋದಿಲ್ಲ. ಈ ಸಂಘದ ನಿರ್ದೇಶಕನಾಗಿ, ತಾಲ್ಲೂಕಿನ ಒಂದು ಗೋಶಾಲೆಯ ಸಮಿತಿಯ ಸದಸ್ಯನಾಗಿ ಎರಡು ಕಡೆಯೂ ಕೂತು ಕಂಡಿದ್ದನ್ನು ಹೇಳುತ್ತೇನೆ.

ಹಾಲಿನ ಹಬ್ಬದಲ್ಲಿ ಹಾಲು ಕೊಡದ ದನದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಯಾಕೆ ಅಂದರೆ, ಆ ದನ ಬೇರೆಲ್ಲಿಂದಲೋ ಬಂದದ್ದಲ್ಲ. ನಮ್ಮ ಕೊಟ್ಟಿಗೆಯಿಂದಲೇ ಹೋದದ್ದು. ಕೆಚ್ಚಲು ಬಾವು ಬಂದು ಮೊಲೆ ಕೆಟ್ಟ ಹಸು, ಗಬ್ಬ ನಿಲ್ಲದ ಹಸು, ಸೀಮೆ ಹಸುವಿನ ಗಂಡುಗರು, ಮುದಿ ಎತ್ತು, ಇವೇ ಗೋಶಾಲೆಯಲ್ಲಿ ತುಂಬಿರೋದು. ಹಾಲು ಸಂಘಕ್ಕೆ, ಹಾಲು ಬತ್ತಿದ್ದು ಗೋಶಾಲೆಗೆ. ಆದ್ದರಿಂದ ಆ ಸಂಸ್ಥೆಗಳನ್ನು ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಅನ್ನೋದು ನಮಗೂ ಸೇರಿದ ವಿಷಯ.

ಗೋಶಾಲೆ, ಪಿಂಜರಾಪೋಲು, ಪ್ರಾಣಿದಯಾ ಸಂಘ ಹೀಗೆ ಹೆಸರು ಹಲವು. ಹೆಚ್ಚಿನವು ಟ್ರಸ್ಟ್ ಆಗಿರುತ್ತವೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಿದ ಸಂಘಗಳಾಗಿರುತ್ತವೆ. ಇಂಥ ಸಂಘ ಕಟ್ಟಲು ಏಳು ಜನ ಸೇರಿದರೆ ಸಾಕು. ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವರು, ಒಬ್ಬ ನಿವೃತ್ತ ನೌಕರರು, ನಾಲ್ಕು ಜನ ರೈತರು. ಸಂಬಳವಿಲ್ಲ, ಭತ್ಯೆಯಿಲ್ಲ. ಬಸ್ ಚಾರ್ಜೂ ಕೈಯಿಂದಲೇ. ಇಂಥವರ ಮೇಲೆ ಐವತ್ತು, ನೂರು ಪ್ರಾಣಿಗಳ ಹೊಟ್ಟೆ ನಿಂತಿದೆ.

ನಮ್ಮ ನಾಡಿಗೆ ಈ ರೀತಿ ಹೊಸದಲ್ಲ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಪ್ರತಿ ಸಹಕಾರ ಸಪ್ತಾಹದಲ್ಲೂ ನೆನೆಯುತ್ತೇವೆ. ಊರಿನವರೇ ಕೂತು ಊರಿನ ಕೆಲಸ ಮಾಡುವುದು ನಮ್ಮ ರಕ್ತದಲ್ಲೇ ಇದೆ. ಆದರೆ ಸಹಕಾರ ಸಂಘಕ್ಕೂ ಪ್ರಾಣಿದಯಾ ಸಂಸ್ಥೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಾನು ಇವತ್ತು ಹೇಳಬೇಕಾದ್ದು ಮುಖ್ಯವಾಗಿ ಅದನ್ನೇ.

ನಮ್ಮ ಸಂಘದಲ್ಲಿ ಒಬ್ಬರ ಹಾಲಿಗೆ ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದರೆ ಮಾರನೇ ದಿನವೇ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ಬಟವಾಡೆ ಎರಡು ದಿನ ತಡವಾದರೆ ಅಧ್ಯಕ್ಷರ ಮನೆ ಬಾಗಿಲಿಗೆ ಹೋಗುತ್ತಾರೆ. ಐದು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ನಮ್ಮನ್ನು ಇಳಿಸಲೂಬಹುದು. ಗೋಶಾಲೆಯ ದನ ಏನು ಕೇಳುತ್ತೆ? ಇವತ್ತು ಮೇವು ಅರ್ಧ ಹಾಕಿದಿರಿ ಅಂತ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಲ್ಲುತ್ತಾ? ಯಾರಿಗಾಗಿ ಸಂಸ್ಥೆ ಇದೆಯೋ ಅವಕ್ಕೆ ಬಾಯಿಲ್ಲ, ಓಟಿಲ್ಲ. ದುಡ್ಡು ಕೊಟ್ಟ ದಾನಿಗಳು ವರ್ಷಕ್ಕೊಮ್ಮೆ ಬಂದು ಬಾಳೆಹಣ್ಣು ತಿನ್ನಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹಾಗಾಗಿ ಕೇಳುವವರಿಲ್ಲದ ಕಡೆ ನಿರ್ದೇಶಕನೇ ತನ್ನನ್ನು ತಾನು ಕೇಳಿಕೊಳ್ಳಬೇಕು. ಹಾಲಿನ ಸಂಘಕ್ಕಿಂತ ಎರಡು ಪಟ್ಟು ಬಿಗಿಯಾಗಿ ಲೆಕ್ಕ ಇಡಬೇಕು.

ಬರೀ ಕರುಣೆ ಇದ್ದು ಲೆಕ್ಕ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇಂಥ ಸಂಸ್ಥೆಗಳ ಚರಿತ್ರೆಯ ಮೊದಲ ಪುಟದಲ್ಲೇ ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ 1822ರಲ್ಲಿ ದನ ಕುದುರೆಗಳಿಗೆ ಹಿಂಸೆ ಕೊಡಬಾರದೆಂದು ರಿಚರ್ಡ್ ಮಾರ್ಟಿನ್ ಎಂಬ ಪಾರ್ಲಿಮೆಂಟ್ ಸದಸ್ಯರು ಕಾನೂನು ತಂದರು. ಅದನ್ನು ಜಾರಿ ಮಾಡಿಸಲು 1824ರಲ್ಲಿ ಲಂಡನ್ನಿನ ಒಂದು ಕಾಫಿ ಹೋಟೆಲಿನಲ್ಲಿ ಕೆಲವರು ಸೇರಿ ಸಂಘ ಕಟ್ಟಿದರು. ಅದರ ಮೊದಲ ಕಾರ್ಯದರ್ಶಿ ಆರ್ಥರ್ ಬ್ರೂಮ್ ಎಂಬ ಪಾದ್ರಿಗಳು. ಅವರು ಚರ್ಚಿನ ಕೆಲಸವನ್ನೇ ಬಿಟ್ಟು ಇದಕ್ಕೆ ನಿಂತರು. ಬಂದ ಚಂದಾ ಸಾಲದೆ ಸಂಘಕ್ಕೆ ಸಾಲವಾಯಿತು. ಆ ಸಾಲಕ್ಕಾಗಿ 1826ರಲ್ಲಿ ಬ್ರೂಮ್ ಅವರನ್ನೇ ಜೈಲಿಗೆ ಹಾಕಿದರು. ಮಾರ್ಟಿನ್ ಮತ್ತು ಲೂಯಿಸ್ ಗಾಂಪರ್ಟ್ಸ್ ಎಂಬ ಇನ್ನೊಬ್ಬ ಸದಸ್ಯರು ಹಣ ಕೂಡಿಸಿ ಬಿಡಿಸಿಕೊಂಡು ಬಂದರು. ಸಂಘ ಉಳಿಯಿತು. ಇವತ್ತಿಗೂ ಇದೆ. ಬ್ರೂಮ್ ಅವರ ಮನಸ್ಸು ಚಿನ್ನ, ಅನುಮಾನವಿಲ್ಲ. ಆದರೆ ಸಂಸ್ಥೆಯ ಖರ್ಚು ಒಬ್ಬರ ಹೆಗಲ ಮೇಲೆ ಬಿದ್ದರೆ ಆ ಹೆಗಲೂ ಮುರಿಯುತ್ತದೆ, ಸಂಸ್ಥೆಯೂ ಅಲುಗಾಡುತ್ತದೆ.

ನಮ್ಮ ದೇಶದಲ್ಲಿ 1861ರಲ್ಲಿ ಕಲ್ಕತ್ತದಲ್ಲಿ ಇಂಥದೇ ಸಂಘ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ, ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ನಮ್ಮ ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ 'ಕ್ಯೂಪಾ' ಸಂಸ್ಥೆ ಆರಂಭಿಸಿದರು. ಅದಕ್ಕೆ ಮೊದಲು ದೆಹಲಿ, ಜೈಪುರಗಳಲ್ಲೂ ಇಂಥ ಸಂಸ್ಥೆ ಕಟ್ಟಿದ್ದರು. ಅವರು 1996ರಲ್ಲಿ ತೀರಿಕೊಂಡರು. ಬೆಂಗಳೂರಿನ ಸಂಸ್ಥೆ ನಿಲ್ಲಲಿಲ್ಲ, ಸ್ಥಳೀಯರು ಹೊಣೆ ಹೊತ್ತರು. ಕಟ್ಟಿದವರು ಹೋದ ಮೇಲೂ ಮೇವು ತಪ್ಪದೆ ಬೀಳುತ್ತಿದ್ದರೆ ಅದನ್ನು ಸಂಸ್ಥೆ ಅನ್ನಬಹುದು. ಇಲ್ಲದಿದ್ದರೆ ಅದು ಒಬ್ಬರ ಮನೆಯ ಕೊಟ್ಟಿಗೆ ಅಷ್ಟೆ.

ಈಗ ಸಮಿತಿಯವರು ಮಾಡಬೇಕಾದ ಕೆಲಸದ ವಿಚಾರಕ್ಕೆ ಬರುತ್ತೇನೆ.

ಮೊದಲನೆಯದು, ಮೇವಿನ ಲೆಕ್ಕ. ಹಾಲು ಕೊಡದ ಒಂದು ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕಿಲೋ ಒಣಹುಲ್ಲು, 15 ಕಿಲೋ ಹಸಿಮೇವು ಬೇಕು. ನೀರು 40 ಲೀಟರಿಗೆ ಕಡಿಮೆಯಿಲ್ಲ. 60 ದನ ಇವೆ ಅನ್ನಿ. ದಿನಕ್ಕೆ 360 ಕಿಲೋ ಒಣಹುಲ್ಲು, 900 ಕಿಲೋ ಹಸಿಮೇವು, 2,400 ಲೀಟರ್ ನೀರು. ವರ್ಷಕ್ಕೆ ಒಣಹುಲ್ಲೇ 131 ಟನ್ ದಾಟುತ್ತೆ. ಇವತ್ತಿನ ಹುಲ್ಲಿನ ರೇಟು ನಿಮಗೆಲ್ಲ ಗೊತ್ತು, ನೀವೇ ಗುಣಿಸಿ ನೋಡಿ. ರಾಗಿ ಹುಲ್ಲು ಸುಗ್ಗಿಯಲ್ಲಿ ಸಿಗುವ ಬೆಲೆಗೆ ಬೇಸಿಗೆಯಲ್ಲಿ ಸಿಗೋದಿಲ್ಲ. ಆದ್ದರಿಂದ ಮೂರು ತಿಂಗಳ ಹುಲ್ಲು, ಅಂದರೆ 60 ದನಕ್ಕೆ ಸುಮಾರು 32 ಟನ್, ಯಾವಾಗಲೂ ಮೆದೆಯಲ್ಲಿ ಇರಬೇಕು. ಅಷ್ಟು ಇಲ್ಲದಿದ್ದರೆ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಬೇಡ. ಕಮಾನು, ನಾಮಫಲಕ ಆಮೇಲೆ ಮಾಡಿಸಿದರಾಯಿತು.

ಎರಡನೆಯದು, 'ಇಲ್ಲ' ಅನ್ನುವ ಧೈರ್ಯ. ಇದು ಎಲ್ಲಕ್ಕಿಂತ ಕಷ್ಟ. ರಾತ್ರಿ ಹನ್ನೊಂದು ಗಂಟೆಗೆ ಒಂದು ಟೆಂಪೋ ಬಂದು ಗೇಟಿನ ಮುಂದೆ ನಿಲ್ಲುತ್ತೆ. ಹಿಂದೆ ನಾಲ್ಕು ಬಡಕಲು ಹಸು. 'ನೀವು ಬೇಡ ಅಂದರೆ ಇವು ಸಾಯ್ತವೆ ಸ್ವಾಮಿ' ಅಂತಾರೆ. ಯಾರಿಗೆ ತಾನೇ ಮನಸ್ಸು ಕರಗೋದಿಲ್ಲ? ಆದರೆ 60ಕ್ಕೆ ಇರುವ ಮೇವನ್ನು 100ಕ್ಕೆ ಹಂಚಿದರೆ ನಲವತ್ತು ದನ ಉಳಿಯೋದಿಲ್ಲ, ನೂರೂ ಸೊರಗುತ್ತವೆ. ಬಲವಾದದ್ದು ತಿನ್ನುತ್ತೆ, ಮುದಿಯದು ಮೂಲೆಯಲ್ಲಿ ಬೀಳುತ್ತೆ. ನಮ್ಮ ಜಾಗಕ್ಕೆ, ಮೇವಿಗೆ, ಆಳಿಗೆ ಇಷ್ಟೇ ಸಂಖ್ಯೆ ಅಂತ ಸಭೆಯಲ್ಲಿ ಠರಾವು ಮಾಡಿ ನಡವಳಿ ಪುಸ್ತಕದಲ್ಲಿ ಬರೆದಿರಬೇಕು. ಆಗ ಗೇಟಿನ ಹತ್ತಿರ ನಿಂತವನು ತನ್ನ ಮಾತಾಗಿ ಬೇಡ ಅನ್ನಬೇಕಾಗಿಲ್ಲ, ಸಮಿತಿಯ ತೀರ್ಮಾನ ಅನ್ನಬಹುದು. ಬೇಡ ಅಂದ ಮೇಲೂ ಸುಮ್ಮನಿರಬಾರದು. ಪಕ್ಕದ ತಾಲ್ಲೂಕಿನಲ್ಲಿ ಜಾಗ ಇದೆಯಾ ವಿಚಾರಿಸಬೇಕು. ಆ ರಾತ್ರಿಗೆ ನೀರು, ಮೇವು ಕೊಡಬೇಕು. ಅಷ್ಟು ಧರ್ಮ.

ಮೂರನೆಯದು, ರೋಗದ ಎಚ್ಚರ. ಹೊಸದಾಗಿ ಬಂದ ದನವನ್ನು ಕನಿಷ್ಠ ಮೂರು ವಾರ ಬೇರೆ ಕಟ್ಟಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ರಾಜ್ಯದ ರೈತರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ, ಗಳಲೆ ರೋಗಕ್ಕೆ ಮಳೆಗಾಲಕ್ಕೆ ಮೊದಲು ಲಸಿಕೆ. ಯಾವ ದನಕ್ಕೆ ಯಾವತ್ತು ಹಾಕಿಸಿದ್ದು ಅಂತ ಕಿವಿಯೋಲೆ ನಂಬರಿನ ಎದುರು ಬರೆದಿಡಬೇಕು. ಸತ್ತದ್ದನ್ನೂ, ಸತ್ತ ಕಾರಣವನ್ನೂ ಬರೆಯಬೇಕು. ಸಾವಿನ ಪುಸ್ತಕ ಇಡದ ಗೋಶಾಲೆಯನ್ನು ನಾನು ನಂಬೋದಿಲ್ಲ. ತಿಂಗಳಿಗೆ ಎಷ್ಟು ಸತ್ತವು ಅಂತ ಸಮಿತಿಯ ಮುಂದೆ ಓದಿದರೆ ಮಾತ್ರ ಮುಂದಿನ ತಿಂಗಳು ಕಡಿಮೆ ಮಾಡೋದು ಹೇಗೆ ಅಂತ ಯೋಚನೆ ಬರುತ್ತೆ.

ನಾಲ್ಕನೆಯದು, ದುಡ್ಡು. ಒಂದು ರೂಪಾಯಿಗೂ ರಸೀದಿ. ಚೆಕ್ಕಿಗೆ ಎರಡು ಸಹಿ. ಅಧ್ಯಕ್ಷರ ಭಾವಮೈದನ ಅಂಗಡಿಯಿಂದಲೇ ಬೂಸಾ ತರೋದಾದರೆ ಬೇರೆ ಎರಡು ಅಂಗಡಿಯ ದರವೂ ಕಡತದಲ್ಲಿರಲಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ ತಪಾಸಣೆ, ರಿಜಿಸ್ಟ್ರಾರ್ ಕಚೇರಿಗೆ ವರದಿ ತಪ್ಪಬಾರದು. ಇನ್ನೊಂದು ಮಾತು. ನಾವು ಸಂಬಳ ತಗೊಳ್ಳೋದಿಲ್ಲ, ಸರಿ. ಹಾಗಂತ ಸಗಣಿ ಬಾಚುವ ಆಳಿಗೂ ಸೇವೆ ಅನ್ನುವ ಹೆಸರಿನಲ್ಲಿ ಅರ್ಧ ಕೂಲಿ ಕೊಡಬಾರದು. ಅವನ ಹೊಟ್ಟೆ ತುಂಬಿದರೆ ದನದ ಹೊಟ್ಟೆಯೂ ತುಂಬುತ್ತೆ.

ಐದನೆಯದು, ಕಾನೂನಿನ ತಿಳಿವಳಿಕೆ. 1960ರ ಕಾಯಿದೆಯ 11ನೇ ಕಲಮು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬೀದಿಗೆ ಬಿಡುವುದೂ ಅಪರಾಧ ಅನ್ನುತ್ತೆ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ಇಟ್ಟ ದಂಡ 10ರಿಂದ 50 ರೂಪಾಯಿ! ಒಂದು ಹೊರೆ ಹುಲ್ಲೂ ಬಾರದ ದುಡ್ಡು. ಗಾಡಿ ಎತ್ತಿನ ಬಗ್ಗೆ 1965ರ ನಿಯಮ ಇದೆ. ದಿನಕ್ಕೆ 9 ಗಂಟೆ ಮೀರಿ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಇದನ್ನೆಲ್ಲ ಪೊಲೀಸ್ ಠಾಣೆಗೆ ಓಡಲು ತಿಳಿದುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಸಂತೆಯಲ್ಲಿ, ಊರಲ್ಲಿ ನಾಲ್ಕು ಜನಕ್ಕೆ ಸಮಾಧಾನವಾಗಿ ಹೇಳೋಕೆ ತಿಳಿದಿರಲಿ. ಜಗಳಕ್ಕೆ ಹೋಗುವ ಸಮಿತಿಗೆ ಹುಲ್ಲು ಕೊಡುವವರು ಉಳಿಯೋದಿಲ್ಲ.

ಇಷ್ಟೆಲ್ಲ ಮಾಡೋಕೆ ಎಂಥ ಜನ ಬೇಕು? ಕುರ್ಚಿಗೆ ಆಸೆಪಟ್ಟವರು ಬೇಡ. ಹೆಸರು ಲೆಟರ್‌ಹೆಡ್ಡಿನಲ್ಲಿದ್ದು ಕೋರಂಗೂ ಬಾರದವರು ಬೇಡ. ತಿಂಗಳಿಗೆ ಎರಡು ಸಲ ಹೇಳದೆ ಕೇಳದೆ ಹೋಗಿ ಗೋದಲಿಯಲ್ಲಿ ಕೈಯಿಟ್ಟು ನೋಡುವವರು ಬೇಕು. ಒಬ್ಬರು ಲೆಕ್ಕ ಬಲ್ಲವರು, ಒಬ್ಬರು ದನದ ಕಾಯಿಲೆ ಬಲ್ಲವರು, ಮತ್ತೆ ಮುಖ್ಯವಾಗಿ ಹೆಣ್ಣುಮಕ್ಕಳು. ನಮ್ಮ ಮನೆಗಳಲ್ಲಿ ಹಸು ಮೆಲುಕು ಹಾಕೋದು ನಿಲ್ಲಿಸಿತು ಅಂತ ಮೊದಲು ಕಾಣೋದು ಯಾರಿಗೆ? ಮನೆಯ ಹೆಂಗಸಿಗೆ. ಅಂಥವರನ್ನು ಬಿಟ್ಟು ಏಳು ಜನ ಗಂಡಸರು ಕೂತು ಠರಾವು ಬರೆದರೆ ಏನು ಬಂತು? ಜೊತೆಗೆ ಹುಡುಗರು ಬರಬೇಕು. ನಮ್ಮ ಗೋಶಾಲೆಯ ಸಮಿತಿಯಲ್ಲಿ ಹಿರಿಯರೇ ಹೆಚ್ಚು. ಅವರ ನಂತರ ಯಾರು ಅನ್ನೋದು ನನಗೆ ದಿನಾ ಕಾಡುವ ಚಿಂತೆ.

ಕೊನೆಯದಾಗಿ ನಮ್ಮದೇ ಪಾಲು. ಗೋಶಾಲೆ ಎಷ್ಟು ದೊಡ್ಡದಾದರೂ ನಾವು ಕಳಿಸುತ್ತಾ ಹೋದರೆ ಅದು ತುಂಬುತ್ತಲೇ ಇರುತ್ತೆ. ಸಮಿತಿಯವರ ಹೊರೆ ಇಳಿಯಬೇಕಾದರೆ ನಮ್ಮ ಕೊಟ್ಟಿಗೆಯಲ್ಲೇ ಕೆಲಸ ಆಗಬೇಕು. ಹೆಣ್ಣುಗರು ಹುಟ್ಟುವ ಸಾಧ್ಯತೆ ಶೇಕಡ 90ರಷ್ಟಿರುವ ವೀರ್ಯನಳಿಕೆ ಈಗ ಬಂದಿದೆ. ಹಸು ಬೆದೆಗೆ ಬಂದಾಗ ಡಾಕ್ಟರನ್ನು ಕೇಳಿ ಅದನ್ನೇ ಹಾಕಿಸಿ. ಕೆಚ್ಚಲು ಬಾವನ್ನು ಮೊದಲ ದಿನವೇ ತೋರಿಸಿ. 1962 ನಂಬರಿಗೆ ಫೋನು ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತೆ. ಮುಸುರೆಯನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ರಸ್ತೆಗೆ ಎಸೆಯಬೇಡಿ. ಅದು ದನದ ಹೊಟ್ಟೆ ಸೇರಿದರೆ ಕೊಯ್ದೇ ತೆಗೆಯಬೇಕು.

ಈ ಬೆಳ್ಳಿಹಬ್ಬದ ನೆನಪಿಗೆ ನಮ್ಮ ಸಂಘದ ಮುಂದೆ ಎರಡು ಕೋರಿಕೆ ಇಡುತ್ತೇನೆ. ಸುಗ್ಗಿಯಲ್ಲಿ ಪ್ರತಿ ಸದಸ್ಯರೂ ಕೈಲಾದಷ್ಟು ಹುಲ್ಲು ಗೋಶಾಲೆಗೆ ಕೊಡಲಿ, ಒಂದು ಹೊರೆಯಾದರೂ ಸರಿ. ಸಂಘ ಅದಕ್ಕೆ ರಸೀದಿ ಬರೆದು, ಕೊಟ್ಟವರ ಹೆಸರನ್ನು ವಾರ್ಷಿಕ ಸಭೆಯಲ್ಲಿ ಓದಲಿ. ಎರಡನೆಯದು, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ತಾಯಿ, ಒಬ್ಬ ಯುವಕ, ಇಬ್ಬರನ್ನು ಆರಿಸಿ ಗೋಶಾಲೆಯ ಸಮಿತಿಗೆ ಕಳಿಸೋಣ. ಅವರು ಅಲ್ಲಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಇಲ್ಲಿ ಬಂದು ಹೇಳಲಿ. ನಮ್ಮ ಹಾಲಿನ ಲೆಕ್ಕ ಕೇಳುವಷ್ಟೇ ಜೋರಾಗಿ ಆ ಲೆಕ್ಕವನ್ನೂ ನಾವು ಕೇಳೋಣ. ದನ ಕೇಳಲಾರದ ಪ್ರಶ್ನೆಯನ್ನು ಅದರ ಹಾಲು ಕುಡಿದವರೇ ಕೇಳಬೇಕು.