ಹಿರಿಯರಿಗೂ ಧರ್ಮೋಪದೇಶ



ಅಜ್ಜನನ್ನು ಮಣ್ಣುಮಾಡಿ ಬಂದ ಸಂಜೆ ಮೊಮ್ಮಗು "ಅಜ್ಜ ಈಗ ಎಲ್ಲಿದ್ದಾರೆ?" ಎಂದು ಕೇಳಿದರೆ ನಾವೇನು ಹೇಳುತ್ತೇವೆ? ಪ್ರಥಮ ಪರಮಪ್ರಸಾದಕ್ಕೆಂದು ಬಾಯಿಪಾಠ ಮಾಡಿದ ಪ್ರಶ್ನೋತ್ತರಗಳಲ್ಲೇ ನಮ್ಮಲ್ಲಿ ಹಲವರ ಕಲಿಕೆ ನಿಂತುಹೋಗಿದೆ. ದೇಹ ಬೆಳೆಯಿತು, ಸಂಸಾರ ಬೆಳೆಯಿತು. ವಿಶ್ವಾಸದ ಅರಿವು ಮಾತ್ರ ಬಾಲ್ಯದಲ್ಲೇ ಉಳಿಯಿತು.

ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಪವಿತ್ರ ಗ್ರಂಥವನ್ನು ಪಠಿಸುವಂತೆ ವಿಶ್ವಾಸಿಗಳೆಲ್ಲರಿಗೂ ಕರೆಯಿತ್ತಿತು. 1979ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು, ವಯಸ್ಕರಿಗೆ ನೀಡುವ ಬೋಧನೆಯೇ ಧರ್ಮೋಪದೇಶದ ಪ್ರಧಾನ ರೂಪವೆಂದು ಸಾರಿದರು. ಕಾರಣ ಸ್ಪಷ್ಟ: ಬಾಳಿನ ಹೊಣೆ ಹೊತ್ತವರು ಹಿರಿಯರು. ಮಕ್ಕಳು ದೇವಾಲಯದಲ್ಲಿ ಕಲಿತದ್ದಕ್ಕೆ ಮನೆಯಲ್ಲಿ ನೀರೆರೆಯದಿದ್ದರೆ ಅದು ಬಾಡುವುದು.

ಎಮ್ಮಾವು ಹಾದಿಯ ಶಿಷ್ಯರಿಬ್ಬರು ಭರವಸೆ ಕಳೆದುಕೊಂಡ ಹಿರಿಯರು. ಪ್ರಭು ಮೊದಲು ಅವರ ದುಗುಡವನ್ನು ಆಲಿಸಿದರು. ಬಳಿಕ ಪವಿತ್ರ ಗ್ರಂಥವನ್ನು ವಿವರಿಸಿದರು. ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು.

ನಮ್ಮ ಪೂರ್ವಜರು ಬೆವರು ಸುರಿಸಿ ಈ ದೇವಾಲಯ ಕಟ್ಟಿದರು. ನಾವು ವಾರಕ್ಕೊಂದು ಸಂಜೆ ನಾಲ್ಕು ಮನೆಯವರು ಕೂಡಿ, ಮುಂದಿನ ಭಾನುವಾರದ ಶುಭಸಂದೇಶವನ್ನು ಓದಿ, ತಿಳಿಯದ್ದನ್ನು ನಾಚದೆ ಕೇಳೋಣ. ಎರಡನೆಯ ಶತಮಾನಕ್ಕೆ ಅದೇ ಅಸ್ತಿಭಾರವಾಗಲಿ. ಪ್ರಭು ನಮ್ಮೆಲ್ಲರನ್ನೂ ಹರಸಲಿ.